ದ್ರಾಕ್ಷಿ ತೋಟದ ರಂಗಭೂಮಿ ಮತ್ತು ಪ್ರಭುತ್ವದ ಹಬ್ಬ

1

ಅಮೆರಿಕದ ಪ್ರಭುತ್ವ ತನ್ನ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗಿನ ಅವಧಿಯನ್ನು 'ಹಿಸ್ಪ್ಯಾನಿಕ್ ಪರಂಪರೆಯ ಮಾಸ' ಎಂದು ಗೊತ್ತುಮಾಡಿದೆ. ಗ್ರಂಥಾಲಯಗಳಲ್ಲಿ ಕವಿಗೋಷ್ಠಿ, ಶಾಲೆಗಳಲ್ಲಿ ಕುಣಿತ, ಮ್ಯೂಸಿಯಮ್ಮುಗಳಲ್ಲಿ ಚಿತ್ರಪ್ರದರ್ಶನ, ಜೊತೆಗೆ ಊಟ, ಸಂಗೀತ. 1968ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲಕ್ಕೆ ಇದು ಒಂದು ವಾರದ ಆಚರಣೆಯಾಗಿತ್ತು. 1988ರಲ್ಲಿ ರೊನಾಲ್ಡ್ ರೇಗನ್ ಸಹಿ ಹಾಕಿದ ಕಾನೂನು ಅದನ್ನು ತಿಂಗಳು ಮಾಡಿತು. ತಾರೀಖಿನ ಆಯ್ಕೆಗೂ ಕಾರಣವಿದೆ. ಸೆಪ್ಟೆಂಬರ್ 15 ಮಧ್ಯ ಅಮೆರಿಕದ ಐದು ದೇಶಗಳ ಸ್ವಾತಂತ್ರ್ಯ ದಿನ, 16 ಮೆಕ್ಸಿಕೋದ್ದು.

ಆದರೆ ಸೆಪ್ಟೆಂಬರ್ 16ಕ್ಕೆ ಇನ್ನೊಂದು ಚರಿತ್ರೆಯೂ ಇದೆ. 1965ರ ಅದೇ ದಿನ ಕ್ಯಾಲಿಫೋರ್ನಿಯಾದ ಡೆಲಾನೋ ಎಂಬ ಊರಿನ ಚರ್ಚಿನಲ್ಲಿ ಮೆಕ್ಸಿಕನ್ ಮೂಲದ ಕೂಲಿಗಳು ಸಭೆ ಸೇರಿ, ದ್ರಾಕ್ಷಿ ತೋಟಗಳ ಮುಷ್ಕರಕ್ಕೆ ಇಳಿಯುವುದೆಂದು ತೀರ್ಮಾನಿಸಿದರು. ಹಬ್ಬದ ಭಾಷಣಗಳಲ್ಲಿ ಸ್ವಾತಂತ್ರ್ಯದ ನೆನಪು ಎಷ್ಟು ಸುಲಭವಾಗಿ ಬರುತ್ತದೋ, ಮುಷ್ಕರದ ನೆನಪು ಅಷ್ಟು ಸುಲಭವಾಗಿ ಬರುವುದಿಲ್ಲ. ಹೊಲದಲ್ಲಿ ಹುಟ್ಟಿದ ಕಲೆ ಹಬ್ಬದ ಚಪ್ಪರಕ್ಕೆ ಬಂದು ನಿಂತಾಗ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಅನ್ನೋದು ನಮ್ಮ ಪ್ರಶ್ನೆಯೂ ಹೌದು. ಹಾಗಾಗಿ ಆ ಚರಿತ್ರೆಯನ್ನು ಇಲ್ಲಿ ನೋಡಬೇಕಾಗಿದೆ.

2

ಅಮೆರಿಕದ ಕಾರ್ಮಿಕರಿಗೆ ಸಂಘಟನೆಯ ಹಕ್ಕು ಕೊಟ್ಟ 1935ರ ಕಾನೂನು ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ಕಾರ್ಖಾನೆಯವನಿಗೆ ಕಾನೂನು, ಹೊಲದವನಿಗೆ ಯಜಮಾನನ ದಯೆ. ಅದರ ಮೇಲೆ 1942ರಿಂದ 1964ರವರೆಗೆ 'ಬ್ರಸೇರೋ' ಎಂಬ ಒಪ್ಪಂದದಡಿ ಮೆಕ್ಸಿಕೋದಿಂದ ತಾತ್ಕಾಲಿಕ ಕೂಲಿಗಳನ್ನು ತರಿಸಲಾಯಿತು. ಕೂಲಿ ಜಾಸ್ತಿ ಕೇಳಿದವನ ಜಾಗಕ್ಕೆ ಇನ್ನೊಬ್ಬ ಸದಾ ಸಿದ್ಧ. ಬೆನ್ನು ಮುರಿಯುವ ಗಿಡ್ಡ ಹಿಡಿಯ ಗುದ್ದಲಿಯನ್ನು ಕ್ಯಾಲಿಫೋರ್ನಿಯಾ ನಿಷೇಧಿಸಿದ್ದೇ 1975ರಲ್ಲಿ.

ಈ ಮುಷ್ಕರದ ಒಡಲಲ್ಲೇ 1965ರಲ್ಲಿ 'ಎಲ್ ತೆಯಾತ್ರೋ ಕಾಂಪೆಸೀನೋ', ಅಂದರೆ ಹೊಲಗೆಲಸದವರ ರಂಗಭೂಮಿ ಹುಟ್ಟಿತು. ಅದನ್ನು ಕಟ್ಟಿದ ಲೂಯಿಸ್ ವಾಲ್ಡೆಜ್ 1940ರಲ್ಲಿ ಡೆಲಾನೋದಲ್ಲೇ, ಬೆಳೆಯ ಹಿಂದೆ ಊರೂರು ಅಲೆಯುವ ಕೂಲಿ ಕುಟುಂಬದಲ್ಲಿ ಹುಟ್ಟಿದವನು. ಕಾಲೇಜು ಓದಿ, ಸ್ಯಾನ್ ಫ್ರಾನ್ಸಿಸ್ಕೋದ ಬೀದಿ ರಂಗತಂಡವೊಂದರಲ್ಲಿ ಪಳಗಿ ಮತ್ತೆ ಅದೇ ಊರಿಗೆ ಬಂದ. ನಟರು ಮುಷ್ಕರ ಹೂಡಿದ ಕೂಲಿಗಳೇ. ಲಾರಿಯ ಬಯಲು ಹಾಸೇ ರಂಗ. ಪರದೆಯಿಲ್ಲ, ಬರೆದಿಟ್ಟ ಪಠ್ಯವೂ ಇಲ್ಲ. 'ಯಜಮಾನ', 'ಮುಷ್ಕರ ಮುರಿಯುವವನು' ಎಂದು ಬರೆದ ಹಲಗೆ ಕೊರಳಿಗೆ ಬಿದ್ದರೆ ಪಾತ್ರ ಸಿದ್ಧ. 'ಆಕ್ತೋ' ಎಂದು ಕರೆದ ಈ ಪುಟ್ಟ ನಾಟಕಗಳನ್ನು ತೋಟದ ಬೇಲಿಯ ಪಕ್ಕ, ಒಳಗೆ ಇನ್ನೂ ದುಡಿಯುತ್ತಿದ್ದವರಿಗೆ ಕೇಳುವ ಹಾಗೆ ಆಡುತ್ತಿದ್ದರು. 1966ರಲ್ಲಿ ಡೆಲಾನೋದಿಂದ ರಾಜಧಾನಿ ಸ್ಯಾಕ್ರಮೆಂಟೋಗೆ ಹೊರಟ ಕಾಲ್ನಡಿಗೆ ಜಾಥಾದಲ್ಲಿ ದಿನವೆಲ್ಲ ನಡಿಗೆ, ರಾತ್ರಿ ನಾಟಕ.

ಅವರ ಮೊದಮೊದಲ ಆಕ್ತೋಗಳಲ್ಲೊಂದು ಯಜಮಾನನ ಎರಡು ಮುಖಗಳ ಕುರಿತದ್ದು. ಹಂದಿಮುಖವಾಡದ ಯಜಮಾನ 'ನಿಮ್ಮ ಬದುಕೇ ಸುಖ' ಎಂದು ಕೂಲಿಯ ಮುಂದೆ ಗೋಳಾಡುತ್ತ, ಆಟಕ್ಕೆಂದು ತನ್ನ ವೇಷವನ್ನು ಅವನಿಗೆ ತೊಡಿಸುತ್ತಾನೆ. ಮುಖವಾಡ ಕಳಚಿದ ಮೇಲೆ ಅವನ ಕಾವಲುಗಾರನಿಗೇ ಅವನ ಗುರುತು ಸಿಗುವುದಿಲ್ಲ. ಒದೆ ತಿನ್ನುತ್ತ ಕೊನೆಗೆ ಯಜಮಾನನೇ ಸಂಘದವರನ್ನು ಕೂಗಿ ಕರೆಯಬೇಕಾಗುತ್ತದೆ. ಯಜಮಾನಿಕೆ ಅನ್ನೋದು ರಕ್ತದಲ್ಲಿಲ್ಲ, ತೊಟ್ಟ ವೇಷದಲ್ಲಿದೆ ಎಂಬುದನ್ನು ಅಕ್ಷರ ಬಾರದವನಿಗೂ ತಿಳಿಯುವ ಹಾಗೆ ಹೇಳಿದ ಮೀಮಾಂಸೆ ಇದು. ಜಾತಿಯನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

3

1967ರಲ್ಲಿ ಇದೇ ತಂಡ 'ಲೋಸ್ ವೆಂದೀದೋಸ್' ಆಡಿತು. ಹೆಸರಿನ ಅರ್ಥ 'ಮಾರಿಕೊಂಡವರು'. ಅಂಗಡಿಯೊಂದರಲ್ಲಿ ಮೆಕ್ಸಿಕನ್ನರು ಯಂತ್ರದ ಗೊಂಬೆಗಳಾಗಿ ಮಾರಾಟಕ್ಕಿದ್ದಾರೆ. ಹೊಲದ ಕೂಲಿ, ಪಟ್ಟಣದ ಪುಂಡ, ಸಿನಿಮಾ ಶೈಲಿಯ ಕ್ರಾಂತಿಕಾರಿ, ಕೋಟು ತೊಟ್ಟ ವಿದ್ಯಾವಂತ. ಕೊಳ್ಳಲು ಬಂದವಳು ಗವರ್ನರ್ ರೇಗನ್ ಕಚೇರಿಯ ಕಾರ್ಯದರ್ಶಿ. ಅವಳೂ ಅದೇ ಮೂಲದವಳು, ಆದರೆ ತನ್ನ ಹೆಸರನ್ನೇ ಇಂಗ್ಲಿಷಿನ ಹಾಗೆ ಉಚ್ಚರಿಸುವವಳು. ಸರ್ಕಾರಕ್ಕೆ ತೋರಿಸಿಕೊಳ್ಳಲು ಒಬ್ಬ ಕಂದುಬಣ್ಣದವನು ಬೇಕಾಗಿದ್ದಾನೆ. ಅವಳು ಕೋಟಿನವನನ್ನು ಆರಿಸುತ್ತಾಳೆ, ಅವನು ಅವಳ ಮೇಲೇ ತಿರುಗಿ ಬೀಳುತ್ತಾನೆ. ಕೊನೆಗೆ ಬಯಲಾಗುವ ಸತ್ಯವೆಂದರೆ, ಗೊಂಬೆಗಳು ಮನುಷ್ಯರು, ಅಂಗಡಿಯವನೇ ಯಂತ್ರ.

ಈ ನಾಟಕದಲ್ಲಿ ಗೇಲಿಗೆ ಗುರಿಯಾದ ರೇಗನ್ನರೇ ಇಪ್ಪತ್ತೊಂದು ವರ್ಷಗಳ ನಂತರ ಪರಂಪರೆಯ ಮಾಸಕ್ಕೆ ಸಹಿ ಹಾಕಿದ್ದು. ಗವರ್ನರ್ ಆಗಿದ್ದಾಗ ಅವರು ದ್ರಾಕ್ಷಿ ಬಹಿಷ್ಕಾರವನ್ನು ಬಹಿರಂಗವಾಗಿ ವಿರೋಧಿಸಿದವರು. ಇದನ್ನು ಬರೀ ಕಾಕತಾಳೀಯ ಅಂತ ಬಿಟ್ಟುಬಿಡುವ ಹಾಗಿಲ್ಲ. ಪ್ರಭುತ್ವಕ್ಕೆ ಸಂಸ್ಕೃತಿ ಬೇಕು, ಅದನ್ನು ಹುಟ್ಟಿಸಿದ ಜಗಳ ಬೇಡ. ಹೆಸರುಗಳ ಕಥೆಯೂ ಇದೇ. 'ಚಿಕಾನೋ' ಬೈಗುಳವಾಗಿದ್ದ ಶಬ್ದ. ಚಳವಳಿ ಅದನ್ನೇ ಎತ್ತಿಕೊಂಡು ಎದೆಯ ಮೇಲೆ ಧರಿಸಿತು. 'ಹಿಸ್ಪ್ಯಾನಿಕ್' ಸರ್ಕಾರದ ಕಡತಗಳಲ್ಲಿ ನೆಲೆಯಾದ, 1980ರ ಜನಗಣತಿಯಲ್ಲಿ ಎಲ್ಲ ಮನೆಗಳಿಗೂ ಹೋದ ಶಬ್ದ. 'ಹರಿಜನ'ಕ್ಕೂ 'ದಲಿತ'ಕ್ಕೂ ಇರುವ ಅಂತರ ಬಲ್ಲವರಿಗೆ ಇದರ ರಾಜಕಾರಣ ತಕ್ಷಣ ಅರ್ಥವಾಗುತ್ತದೆ.

4

ಹಾಗಂತ ಆಚರಣೆಯೆಲ್ಲ ಮೋಸ ಅಂತ ತಳ್ಳಿಹಾಕುವುದೂ ಸರಿಯಲ್ಲ. ಸ್ಯಾನ್ ಡಿಯೇಗೋದ ಬಾರಿಯೋ ಲೋಗನ್ ಕೇರಿಯನ್ನು ಹೆದ್ದಾರಿಯೂ ಸೇತುವೆಯೂ ಸೀಳಿದವು. ಸೇತುವೆಯ ಕೆಳಗೆ ಪಾರ್ಕ್ ಕೊಡುವ ಬದಲು ಹೆದ್ದಾರಿ ಪೊಲೀಸರ ಠಾಣೆ ಕಟ್ಟಲು ಹೊರಟಾಗ, 1970ರ ಏಪ್ರಿಲ್ 22ರಂದು ಜನ ಆ ನೆಲಕ್ಕೆ ನುಗ್ಗಿ ಹನ್ನೆರಡು ದಿನ ಕೂತರು, ಗೆದ್ದರು. 1973ರಿಂದ ಸೇತುವೆಯ ಕಂಬಗಳ ಮೇಲೆ ತಮ್ಮ ಚರಿತ್ರೆಯನ್ನು ಚಿತ್ರವಾಗಿ ಬರೆದರು. ಅಲ್ಲಿನ ವಾರ್ಷಿಕ ಉತ್ಸವದ ದಿನ ಹುಟ್ಟಿದ್ದೇ ನೆಲ ಹಿಡಿದ ದಿನದಿಂದ. ತಾರೀಖನ್ನು ಗೊತ್ತುಮಾಡಿದವರು ಯಾರು ಅನ್ನೋದರ ಮೇಲೆ ಹಬ್ಬದ ಅರ್ಥ ನಿಂತಿದೆ.

ಪ್ರಕಟಣೆಯಲ್ಲೂ ಹೀಗೇ. 1967ರಲ್ಲಿ ಬರ್ಕ್ಲಿಯಲ್ಲಿ 'ಎಲ್ ಗ್ರೀತೋ' ಎಂಬ ಪತ್ರಿಕೆ ಹೊರಟಿತು. ಹೆಸರಿನ ಅರ್ಥ 'ಕೂಗು'. ಅದರ ಹಿಂದಿದ್ದ ಕೀಂತೋ ಸೋಲ್ ಪ್ರಕಾಶನವು ಕೂಲಿಯ ಮಗ ತೋಮಾಸ್ ರಿವೇರಾನ ಮೊದಲ ಕಾದಂಬರಿಗೆ ಬಹುಮಾನ ಕೊಟ್ಟು 1971ರಲ್ಲಿ ಅಚ್ಚು ಹಾಕಿತು. 1979ರಲ್ಲಿ ಶುರುವಾದ ಆರ್ತೆ ಪೂಬ್ಲಿಕೋ 1984ರಲ್ಲಿ ಸಾಂಡ್ರಾ ಸಿಸ್ನೆರೋಸ್ ಅವರ ಮ್ಯಾಂಗೋ ಬೀದಿಯ ಮನೆಯ ಕಥನವನ್ನು ಹೊರತಂದಿತು. ಇಂದು ಶಾಲೆಗಳಲ್ಲಿ ಪಾಠವಾಗಿರುವ ಪುಸ್ತಕ ಮೊದಲು ಬಂದದ್ದು ಸಣ್ಣ ಮುದ್ರಣಾಲಯದಿಂದ.

5

ಚಳವಳಿಯ ಒಳಗಿನ ಮರೆವನ್ನೂ ವಿಮರ್ಶೆ ಹಿಡಿಯಬೇಕು. ಡೆಲಾನೋ ಮುಷ್ಕರ ಶುರುಮಾಡಿದವರು ಮೆಕ್ಸಿಕನ್ನರಲ್ಲ. ಲ್ಯಾರಿ ಇಟ್ಲಿಯಾಂಗ್ ಮುಂದಾಳತ್ವದ ಫಿಲಿಪಿನೋ ಕೂಲಿಗಳು ಎಂಟು ದಿನ ಮೊದಲೇ, ಸೆಪ್ಟೆಂಬರ್ 8ರಂದೇ ಕೆಲಸ ನಿಲ್ಲಿಸಿದ್ದರು. ಸೀಸರ್ ಚಾವೆಜ್, ಡೊಲೋರೆಸ್ ಹುಯೆರ್ತಾ ಅವರ ಸಂಘ ಆಮೇಲೆ ಸೇರಿತು. 1970ರಲ್ಲಿ ಒಪ್ಪಂದ ಗೆದ್ದದ್ದು ಎರಡೂ ಕೂಡಿದ ಬಲ. ಜನಪ್ರಿಯ ಕಥನದಲ್ಲಿ ಫಿಲಿಪಿನೋಗಳು ಬಹುಕಾಲ ಅಂಚಿಗೆ ಸರಿದರು.

ರಂಗಭೂಮಿಯ ಚರಿತ್ರೆಯಲ್ಲೂ ಇದೇ ಆಯಿತು. 1994ರ ತಮ್ಮ ಪುಸ್ತಕದಲ್ಲಿ ಯೊಲಾಂಡಾ ಬ್ರೊಯ್ಲ್ಸ್-ಗೊನ್ಸಾಲೆಜ್ ಎರಡು ಮಾತು ಎತ್ತಿದರು. ಒಂದು, ಕೂಡಿ ಕಟ್ಟಿದ ನಾಟಕಗಳೆಲ್ಲ ವಾಲ್ಡೆಜ್ ಒಬ್ಬನ ಖಾತೆಗೆ ಬಿದ್ದವು, ಹೆಣ್ಣು ನಟರ ದುಡಿಮೆ ಕಾಣದಾಯಿತು. ಎರಡು, ವಿಮರ್ಶಕರು ಇದರ ಬೇರನ್ನು ಬ್ರೆಕ್ಟ್‌ನಲ್ಲಿ, ಇಟಲಿಯಲ್ಲಿ ಹುಡುಕಿದರು. ಕಣ್ಣೆದುರಿಗಿದ್ದ 'ಕಾರ್ಪಾ', ಅಂದರೆ ಮೆಕ್ಸಿಕನ್ ಬಡವರ ಡೇರೆ ನಾಟಕದ ಪರಂಪರೆ ಅವರಿಗೆ ಕಾಣಲಿಲ್ಲ.

ದಲಿತ ವಿಮರ್ಶೆಗೆ ಇದು ದೂರದ ಮಾತಲ್ಲ. ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಸ್ಫೂರ್ತಿ ಪಡೆದೇ ಚಿಕಾನೋ ತರುಣರು ಬ್ರೌನ್ ಬೆರೆಟ್ಸ್ ಕಟ್ಟಿದರು. ಅದೇ ಹೆಸರಿನ ಕಿಡಿ 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಆಯಿತು. ನಮ್ಮಲ್ಲಿ 1975ರಲ್ಲಿ 'ಹೊಲೆಮಾದಿಗರ ಹಾಡು' ಬಂದಾಗ ಅದು ಓದುವ ಪುಸ್ತಕಕ್ಕಿಂತ ಹೆಚ್ಚಾಗಿ ಜಾಥಾದ ದನಿಯಾಗಿತ್ತು. ಆ ದನಿಗೆ ಬೇರನ್ನು ಎಲ್ಲಿ ಹುಡುಕುತ್ತೇವೆ? ನವ್ಯದಲ್ಲೋ, ಪಶ್ಚಿಮದಲ್ಲೋ, ಇಲ್ಲಾ ನಮ್ಮ ಕೇರಿಯ ತಮಟೆ, ತತ್ವಪದ, ಅಜ್ಜಿಯರ ಹಾಡಿನಲ್ಲೋ? ಆ ಹಾಡಿಗೆ ದನಿಗೂಡಿಸಿದ ಹೆಂಗಸರ ಹೆಸರುಗಳನ್ನು ಯಾರು ಬರೆದಿಟ್ಟಿದ್ದಾರೆ? ಜಯಂತಿಯ ವೇದಿಕೆಯಲ್ಲಿ ಅದೇ ಹಾಡು ಮಂತ್ರಿಗಳ ಸ್ವಾಗತಕ್ಕೆ ಬಳಕೆಯಾಗುವಾಗ, ಯಾವ ಜಗಳದಲ್ಲಿ ಅದು ಹುಟ್ಟಿತು ಎಂಬುದನ್ನು ತಾರೀಖು ಸಮೇತ ಹೇಳುವ ಹೊಣೆ ನಮ್ಮ ವಿಮರ್ಶೆಯದು. ಅದಕ್ಕೆ ಮೊದಲು ಹಾಡಿದವರು ಬದುಕಿರುವಾಗಲೇ ಅವರ ಬಳಿ ಹೋಗಿ ಕೂತು ಕೇಳಿಸಿಕೊಳ್ಳಬೇಕು.