ಅಂಗೈ ಮೇಲಿನ ಸಿಪಾಯಿಗಳು

ವೈಜ್ಞಾನಿಕ ಕಥೆಗಳಿಂದ ಹೆಸರಾದ ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ ಅವರಿಗೆ ಆಟಿಕೆ ಸಿಪಾಯಿಗಳ ಹುಚ್ಚೂ ಇತ್ತು. ಸೀಸದ ಸಿಪಾಯಿಗಳನ್ನು ನೆಲದ ಮೇಲೆ ನಿಲ್ಲಿಸಿ, ಸ್ಪ್ರಿಂಗ್ ಫಿರಂಗಿಯಿಂದ ಉರುಳಿಸುವ ಆಟಕ್ಕೆ ನಿಯಮ ರೂಪಿಸಿ 1913ರಲ್ಲಿ ‘ಲಿಟ್ಲ್ ವಾರ್ಸ್’ ಪುಸ್ತಕ ಪ್ರಕಟಿಸಿದರು. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧವೇ ಲೇಸೆಂಬುದು ಅವರ ವಾದ. ಮರುವರ್ಷವೇ ಮಹಾಯುದ್ಧ ಸಿಡಿಯಿತು.

ಆಟ ಮಾತ್ರ ಉಳಿಯಿತು. 1987ರಲ್ಲಿ ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ, ರಿಕ್ ಪ್ರೀಸ್ಟ್ಲಿ ರಚಿಸಿದ ‘ವಾರ್‌ಹ್ಯಾಮರ್ 40,000’ ಹೊರತಂದಾಗ ರಣರಂಗ ನಕ್ಷತ್ರಲೋಕಕ್ಕೆ ಜಿಗಿಯಿತು. ವೆಲ್ಸ್ ಕಾಲದ ಸಿಪಾಯಿಗಳು ಅಂಗಡಿಯಿಂದಲೇ ಬಣ್ಣ ಬಳಿದುಕೊಂಡು ಬರುತ್ತಿದ್ದರು. ಇಲ್ಲಿ ಬಣ್ಣ ಹಚ್ಚುವುದು ಆಟಗಾರನ ಕೆಲಸ.

ಅಂಗುಲದಷ್ಟೇ ಎತ್ತರದ ಗೊಂಬೆಯ ಮೇಲೆ ನೆರಳು ತಾನಾಗಿ ಎದ್ದು ಕಾಣದು, ಅದನ್ನೂ ಬರೆಯಬೇಕು. ಅಡಿಬಣ್ಣ ಒಣಗಿದ ಮೇಲೆ ಅಕ್ರಿಲಿಕ್ ಬಣ್ಣ. ನೀರಾಗಿಸಿದ ಕಡುಬಣ್ಣ ಸಂದುಗಳಿಗಿಳಿದು ನೆರಳಾಗುತ್ತದೆ. ಒಣಕುಂಚದಿಂದ ಸವರಿದ ತಿಳಿಬಣ್ಣ ಅಂಚುಗಳನ್ನು ಬೆಳಗುತ್ತದೆ. ಕಾಲಡಿಯ ಬಿಲ್ಲೆಗೆ ಅಂಟು ಹಚ್ಚಿ ಮರಳು ಉದುರಿಸಿ, ಕೆಂಪು ಬಳಿದರೆ ಅದೇ ಅನ್ಯಗ್ರಹದ ನೆಲ.

ಸೀಸ ವಿಷಕಾರಿಯಾದ್ದರಿಂದ 1990ರ ದಶಕದಲ್ಲಿ ಈ ಕಂಪನಿ ಅದನ್ನು ಕೈಬಿಟ್ಟಿತು. ಈಗ ಬಹುಪಾಲು ಗೊಂಬೆಗಳು ಪ್ಲಾಸ್ಟಿಕ್ಕಿನವು. ಕಥೆಯಲ್ಲಿ ಕೊನೆಯಿಲ್ಲದ ಯುದ್ಧ. ಆದರೆ ಆಟ ಮುಗಿದೊಡನೆ ಸತ್ತವರೆಲ್ಲ ಪೆಟ್ಟಿಗೆಗೆ ಮರಳುತ್ತಾರೆ. ವೆಲ್ಸ್ ಎತ್ತಿ ಹೇಳಿದ್ದು ಈ ವ್ಯತ್ಯಾಸವನ್ನೇ.