ಜಾಗ ಕೊಂಡವರು ಊರಿನವರಾದ ಬಗೆ

ಪವಿತ್ರ ಗ್ರಂಥದಲ್ಲಿ ವಿವರವಾಗಿ ದಾಖಲಾಗಿರುವ ಮೊದಲ ಭೂಖರೀದಿ ಯಾವುದೆಂದು ನಿಮಗೆ ನೆನಪಿದೆಯೇ? ಪ್ರಿಯ ಓದುಗರೇ, ಆದಿಕಾಂಡದ 23ನೆಯ ಅಧ್ಯಾಯವನ್ನೊಮ್ಮೆ ತೆರೆದು ನೋಡಿ. ಮೆಡಿಟರೇನಿಯನ್ ಸಮುದ್ರತೀರದಿಂದ ಸ್ವಲ್ಪ ಒಳಗೆ, ಬೆಟ್ಟಸಾಲಿನ ಮೇಲಿರುವ ಹೆಬ್ರೋನಿನಲ್ಲಿ ಸಾರಾ ತೀರಿಕೊಂಡಿದ್ದಾಳೆ. ಆ ನಾಡನ್ನು ನಿನ್ನ ಸಂತತಿಗೆ ಕೊಡುವೆನೆಂಬ ದೇವರ ವಾಗ್ದಾನವಿದ್ದರೂ ಹೆಂಡತಿಯನ್ನು ಮಣ್ಣು ಮಾಡಲು ಅಬ್ರಹಾಮನಿಗೆ ಆರಡಿ ನೆಲವಿಲ್ಲ. ಆತನು ಹಿತ್ತಿಯರ ಮುಂದೆ ತಲೆಬಾಗಿ, ತಾನು ಅವರ ನಡುವಣ ಪರದೇಶಿಯೆಂದು ಒಪ್ಪಿಕೊಂಡು, ಮಕ್ಪೇಲದ ಗವಿಯನ್ನು ಕ್ರಯಕ್ಕೆ ಬೇಡುತ್ತಾನೆ. ಎಫ್ರೋನನು ಸುಮ್ಮನೆ ಕೊಡುವೆನೆಂದರೂ ಒಪ್ಪದೆ, 400 ಶೆಕೆಲ್ ಬೆಳ್ಳಿಯನ್ನು ಊರಬಾಗಿಲಿನಲ್ಲಿ ಎಲ್ಲರೆದುರು ತೂಗಿ ಕೊಡುತ್ತಾನೆ. ಹೊಲ, ಗವಿ, ಎಲ್ಲೆಯೊಳಗಿನ ಮರಗಳು ಎಲ್ಲವೂ ಅಲ್ಲಿ ಹೆಸರಿಸಲ್ಪಟ್ಟಿವೆ. ನಮ್ಮ ಕ್ರಯಪತ್ರಗಳಲ್ಲಿ ಚಕ್ಕುಬಂದಿಯನ್ನೂ ಮರಮಟ್ಟುಗಳನ್ನೂ ಬರೆಯುವಂತೆಯೇ!

ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಜಾಗ ಕೊಂಡು ನೆಲೆಸಿದ ನಮ್ಮ ಹಿರಿಯರ ಚರಿತ್ರೆಯನ್ನು ನೆನೆದಾಗ ಈ ಅಧ್ಯಾಯ ಮನಸ್ಸಿಗೆ ಬರುತ್ತದೆ. ಅವರೂ ಪರದೇಶಿಗಳಾಗಿ ಬಂದವರು. ಬೆಲೆ ಕೊಟ್ಟು ನೆಲ ಪಡೆದವರು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ನೋಂದಣಿಯಾದ ದಿನವೇ ಜಾಗ ನಮ್ಮದಾಯಿತು. ಊರು ನಮ್ಮದಾದದ್ದು ಯಾವಾಗ?

ಈ ಸೀಮೆಯ ಮಣ್ಣಿಗೆ ತನ್ನದೇ ಆದ ಹಳೆಯ ಚರಿತ್ರೆಯಿದೆ. ಅಮರ ಸುಳ್ಯ ಮತ್ತು ಪುತ್ತೂರಿನ ಮಾಗಣೆಗಳು ಒಂದು ಕಾಲಕ್ಕೆ ಕೊಡಗಿನ ಅರಸರ ಆಡಳಿತದಲ್ಲಿದ್ದವು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಬಳಿಕ ಅವು ಕೆನರಾ ಜಿಲ್ಲೆಗೆ ಸೇರಿದವು. ಅದುವರೆಗೆ ದವಸಧಾನ್ಯದ ರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತರು ಇನ್ನು ಮುಂದೆ ನಗದು ಹಣವನ್ನೇ ತರಬೇಕಾಯಿತು. ಆ ಸಂಕಟವೂ ಸೇರಿ ಹೊತ್ತಿಕೊಂಡದ್ದೇ 1837ರ ಅಮರ ಸುಳ್ಯದ ದಂಗೆ. ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ಮುಂದಾಳುತನದಲ್ಲಿ ಹೊರಟ ರೈತರು ಮಂಗಳೂರಿನವರೆಗೂ ನಡೆದರು. ಈ ನೆಲಕ್ಕಾಗಿ ಪ್ರಾಣ ತೆತ್ತವರು ನಮಗಿಂತ ಮುಂಚೆ ಇಲ್ಲಿದ್ದರೆಂಬುದನ್ನು ಮರೆಯಲಾಗದು.

ಕ್ರೈಸ್ತರಲ್ಲಿ ಮೊದಲು ಬಂದವರು ಗೋವೆಯಿಂದ ದಕ್ಷಿಣಕ್ಕೆ ಸರಿದ ಕೊಂಕಣಿ ಕಥೋಲಿಕರು. ನುರಿತ ಬೇಸಾಯಗಾರರೆಂದು ಕೆಳದಿಯ ನಾಯಕರು ಅವರಿಗೆ ಕರಾವಳಿಯಲ್ಲಿ ಆಶ್ರಯವಿತ್ತರು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಅವರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋಗಬೇಕಾಯಿತು, ಭೂಮಿಕಾಣಿ ಕೈತಪ್ಪಿತು. 1799ರಲ್ಲಿ ಬದುಕುಳಿದು ಮರಳಿದವರು ಮತ್ತೆ ಮೊದಲಿನಿಂದ ಬದುಕು ಕಟ್ಟಬೇಕಾಯಿತು. ಪುತ್ತೂರಿನ ಮಾಯ್ ದೆ ದೇವುಸ್ ದೇವಾಲಯದಂಥ ಹಳೆಯ ಧರ್ಮಕೇಂದ್ರಗಳು ಆ ಪುನರಾರಂಭದ ಸಾಕ್ಷಿಗಳು.

ಎರಡನೆಯ ವಲಸೆ ನಮ್ಮ ಅಜ್ಜಂದಿರ ಕಾಲದ್ದು. 1942ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಹೊರಗಿನ ಅಕ್ಕಿಯನ್ನೇ ಬಹಳವಾಗಿ ನೆಚ್ಚಿದ್ದ ತಿರುವಾಂಕೂರು ಹಸಿವಿನಿಂದ ತತ್ತರಿಸಿತು. ಜನಸಂಖ್ಯೆ ದಟ್ಟವಾಗಿದ್ದ ಮೀನಚಿಲ್, ಕಾಂಜಿರಪ್ಪಳ್ಳಿ, ತಿರುವಲ್ಲ ಕಡೆಗಳಲ್ಲಿ ತುಂಡುತುಂಡಾದ ಹಿಡುವಳಿ ಕುಟುಂಬವನ್ನು ಸಾಕದಾಯಿತು. ಅಲ್ಲಿಯ ಸಿರಿಯನ್ ಕ್ರೈಸ್ತರು ಮೊದಲು ಮಲಬಾರಿಗೆ, ಬಳಿಕ ಇನ್ನೂ ಉತ್ತರಕ್ಕೆ, ದಕ್ಷಿಣ ಕನ್ನಡದ ಮಲೆನಾಡಿನ ಅಂಚಿಗೆ ಬಂದರು. ಆಗ ಮಲಬಾರು ಮತ್ತು ದಕ್ಷಿಣ ಕನ್ನಡ ಎರಡೂ ಮದರಾಸು ಪ್ರಾಂತ್ಯದ ಜಿಲ್ಲೆಗಳು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿದಾಗ, ಅನೇಕ ಕುಟುಂಬಗಳು ಅಲುಗಾಡದೆಯೇ ಬೇರೆ ರಾಜ್ಯದವರಾದವು. ಅನಂತರದ ದಶಕಗಳಲ್ಲಿಯೂ ಜನ ಬರುತ್ತಲೇ ಇದ್ದರು. ಊರಿನಲ್ಲಿದ್ದ ತುಣುಕು ಭೂಮಿಯನ್ನು ಮಾರಿದ ಹಣಕ್ಕೆ ಇಲ್ಲಿ ಅದರ ಎಷ್ಟೋ ಪಾಲು ಗುಡ್ಡೆ ಸಿಗುತ್ತಿತ್ತು. ನೆಲ್ಯಾಡಿ, ಇಚ್ಲಂಪಾಡಿ, ರೆಂಜಿಲಾಡಿ, ನೂಜಿಬಾಳ್ತಿಲ, ಶಿರಾಡಿ ಮೊದಲಾದ ಹೆಸರುಗಳು ಕೇರಳದ ಮನೆಗಳಲ್ಲಿ ಕೇಳಿಬರತೊಡಗಿದ್ದು ಹೀಗೆ.

ಅವರು ಕೊಂಡದ್ದೇನು? ಕಾಗದದಲ್ಲಿ ಇಂತಿಷ್ಟು ಎಕರೆ ವರ್ಗ ಜಾಗ. ಕಣ್ಣೆದುರಿಗೆ ಜಿಗ್ಗು, ಮುಳ್ಳು, ಕಾಡುಹಂದಿ ಮತ್ತು ಮಲೇರಿಯಾ. ಮುಳಿಹುಲ್ಲಿನ ಗುಡಿಸಲು ಕಟ್ಟಿ, ಮೊದಲ ವರ್ಷದ ಹೊಟ್ಟೆಪಾಡಿಗೆ ಮರಗೆಣಸು ನೆಟ್ಟರು. ಬಳಿಕ ಕರಿಮೆಣಸು, ಆಮೇಲೆ ರಬ್ಬರು. ರಬ್ಬರು ಗಿಡ ಹಾಲು ಕೊಡಲು ಸುಮಾರು ಏಳು ವರ್ಷ ಬೇಕು. ಏಳು ವರ್ಷ ಕಾಯುವ ಬೆಳೆಯನ್ನು ನೆಟ್ಟವನು ಹಿಂದಿರುಗಿ ಹೋಗುವ ಮನಸ್ಸಿನವನಲ್ಲ. ನೆರೆಯ ಅಡಿಕೆ ಕೃಷಿಕರು ಪ್ರಯೋಜನವಿಲ್ಲವೆಂದು ಬಿಟ್ಟಿದ್ದ ಇಳಿಜಾರು ಗುಡ್ಡಗಳು ತೋಟಗಳಾದವು. ಇದು ನಮ್ಮ ಹಿರಿಯರ ಶ್ರಮದ ಕೀರ್ತಿ. ಅದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಶ್ರಮವೊಂದರಿಂದಲೇ ಅವರು ಊರಿನವರಾಗಲಿಲ್ಲ. ಕೆಸರಿನಲ್ಲಿ ಸಿಕ್ಕ ಗಾಡಿಗೆ ಹೆಗಲು ಕೊಟ್ಟವರು ನೆರೆಯ ಗೌಡರು, ಬಂಟರು, ಬಿಲ್ಲವರು, ಬ್ಯಾರಿಗಳು. ಜ್ವರ ಬಂದಾಗ ಕಷಾಯ ತಂದವರು ಪಕ್ಕದ ಮನೆಯ ತಾಯಂದಿರು. ಮನೆಯೊಳಗೆ ಮಲಯಾಳ, ಗದ್ದೆಯಲ್ಲಿ ತುಳು, ಸುಳ್ಯದ ಕಡೆ ಅರೆಭಾಷೆ, ಶಾಲೆಯಲ್ಲಿ ಕನ್ನಡ - ಹೀಗೆ ಮಕ್ಕಳು ನಾಲ್ಕು ನುಡಿಗಳಲ್ಲಿ ಬೆಳೆದರು. ತಮ್ಮ ಪೂಜಾವಿಧಿಯ ಗುರುಗಳು ಬಾರದಿದ್ದ ದಿನಗಳಲ್ಲಿ ಹತ್ತಿರದ ಲ್ಯಾಟಿನ್ ದೇವಾಲಯಗಳಿಗೆ ಮೈಲುಗಟ್ಟಲೆ ನಡೆದರು. ದ್ವಿತೀಯ ವ್ಯಾಟಿಕನ್ ಮಹಾಸಭೆಗೆ ಮುಂಚಿನ ಆ ಕಾಲದಲ್ಲಿ ಪೂಜೆ ಲ್ಯಾಟಿನಿನಲ್ಲಿ, ಪ್ರಸಂಗ ಕೊಂಕಣಿಯಲ್ಲಿ. ಸಿರಿಯಾಕ್ ಪ್ರಾರ್ಥನೆಗೆ ಒಗ್ಗಿದ್ದ ಕಿವಿಗೆ ಎರಡೂ ಹೊಸವು. ಆದರೂ ಆ ಬೆಂಚಿನ ಮೇಲೆ ಅವರಿಗೆ ಜಾಗ ಸಿಕ್ಕಿತು. ಇಂದು ನಮ್ಮ ಸಭೆಗಳ ನಡುವೆ ಸಣ್ಣಪುಟ್ಟ ಮನಸ್ತಾಪ ಬಂದಾಗ ಆ ಬೆಂಚನ್ನು ನೆನೆಯುವುದೊಳಿತು.

ಮುಂದೆ ಅವರವರ ಸಭೆಗಳು ಬೇರೂರಿದವು. 1953ರ ಡಿಸೆಂಬರ್ 31ರಂದು ವಲಸಿಗರಿಗಾಗಿಯೇ ಎಂಬಂತೆ ತಲಶ್ಶೇರಿ ಧರ್ಮಪ್ರಾಂತ ಸ್ಥಾಪನೆಯಾಯಿತು. ಅದರ ಪ್ರಥಮ ಧರ್ಮಾಧ್ಯಕ್ಷ ಸೆಬಾಸ್ಟಿಯನ್ ವಳ್ಳೋಪ್ಪಿಳ್ಳಿಯವರು ವಲಸಿಗರ ಪಿತಾಮಹರೆಂದೇ ಹೆಸರಾದರು. 1999ರಲ್ಲಿ ಅದರಿಂದ ಬೆಳ್ತಂಗಡಿ ಧರ್ಮಪ್ರಾಂತ ರೂಪುಗೊಂಡಿತು. 2010ರ ಜನವರಿಯಲ್ಲಿ ಸಿರೋ-ಮಲಂಕರ ಸಭೆಯ ಪುತ್ತೂರು ಧರ್ಮಪ್ರಾಂತವು ಉದಯಿಸಿತು. ಗುಡಿಸಲಿನಲ್ಲಿ ಆರಂಭವಾದ ಪ್ರಾರ್ಥನೆ ಧರ್ಮಪ್ರಾಂತಗಳಾಗಿ ಬೆಳೆದದ್ದಕ್ಕೆ ನಾವು ದೇವರಿಗೆ ಕೃತಜ್ಞರಾಗಿರಬೇಕು.

ಇಲ್ಲಿಗೆ ಕಥೆಯನ್ನು ಮುಗಿಸಿದರೆ ಅದು ಅರ್ಧ ಚರಿತ್ರೆಯಾದೀತು. ಕ್ರಯಪತ್ರದಲ್ಲಿ ಮಾರಿದವರ ಹೆಸರಿದೆ, ಕೊಂಡವರ ಹೆಸರಿದೆ, ಸಾಕ್ಷಿಗಳ ಹೆಸರಿದೆ. ಆ ಭೂಮಿಯಲ್ಲಿ ತಲೆಮಾರುಗಳಿಂದ ದುಡಿದವರ ಹೆಸರು ಅದರಲ್ಲಿದೆಯೇ?

ಪುತ್ತೂರಿನಲ್ಲಿ ದಶಕಗಳ ಕಾಲ ನೆಲೆಸಿದ್ದ ಕೋಟ ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾಯಿತು. ಅದರ ಚೋಮನಿಗೆ ಎತ್ತುಗಳಿವೆ, ದುಡಿಯುವ ತೋಳಿದೆ, ಬೇಸಾಯಗಾರನಾಗುವ ಆಸೆಯಿದೆ. ಅಸ್ಪೃಶ್ಯನೆಂಬ ಒಂದೇ ಕಾರಣಕ್ಕೆ ಉಳಲು ನೆಲವಿಲ್ಲ. ಕ್ರೈಸ್ತನಾದರೆ ಭೂಮಿ ದೊರೆತೀತೆಂಬ ಆಮಿಷವೂ ಅವನೆದುರು ಬರುತ್ತದೆ. ನಾವು ಆ ಪುಟಗಳನ್ನು ಮುಜುಗರಪಡದೆ ಓದಬೇಕು. ಯಾಕೆಂದರೆ ನಮ್ಮ ಹಿರಿಯರು ಹಣ ಕೊಟ್ಟು ಪಡೆದ ಹಕ್ಕನ್ನು, ಅದೇ ಗುಡ್ಡದ ತಪ್ಪಲಲ್ಲಿದ್ದ ಚೋಮಂದಿರು ದುಡಿದೂ ಪಡೆಯಲಾರದೆ ಹೋದರು.

ಮದರಾಸು ಸರ್ಕಾರದ ಕಾಲದಲ್ಲಿ ದಲಿತರಿಗೆಂದು ಕಾದಿರಿಸಿದ ಭೂಮಿಯೂ ನಮ್ಮ ಜಿಲ್ಲೆಯಲ್ಲಿದೆ. ಅದೇ ಡಿ.ಸಿ. ಮನ್ನಾ ಭೂಮಿ. ಅದರಲ್ಲಿ ಸಾಕಷ್ಟು ಭಾಗ ಇತರರ ಕೈ ಸೇರಿದೆಯೆಂಬ ಕೂಗು ಇಂದಿಗೂ ಅಡಗಿಲ್ಲ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಚಾಲಗೇಣಿ ಒಕ್ಕಲುಗಳು ಭೂಮಾಲೀಕರಾದರು; ಅದು ನಮ್ಮ ಜಿಲ್ಲೆಯ ದೊಡ್ಡ ಸಾಮಾಜಿಕ ಪರಿವರ್ತನೆ. ಆದರೆ ಗೇಣಿಯ ಹಕ್ಕೂ ಇಲ್ಲದೆ ಕೂಲಿಗಷ್ಟೇ ದುಡಿದವರಿಗೆ ಅದರಿಂದ ದೊರೆತದ್ದು ಅಲ್ಪ.

ಇನ್ನೊಂದು ವಲಸೆಯನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. 1964ರ ಅಕ್ಟೋಬರಿನಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ ಶ್ರೀಲಂಕೆಯ ಚಹಾತೋಟಗಳ ತಮಿಳು ಕಾರ್ಮಿಕರು ಭಾರತಕ್ಕೆ ಬಂದರು. ಅವರಲ್ಲಿ ಕೆಲವರಿಗೆ ಪುತ್ತೂರು, ಸುಳ್ಯ ಸೀಮೆಯಲ್ಲಿ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ಪುನರ್ವಸತಿ ದೊರೆಯಿತು. ಅವರು ಹಾಲು ತೆಗೆದದ್ದೂ ರಬ್ಬರಿನಿಂದಲೇ, ನಾವು ತೆಗೆದದ್ದೂ ರಬ್ಬರಿನಿಂದಲೇ. ನಾವು ಮಾರಿ ಬರಲು ಒಂದು ತುಣುಕು ಭೂಮಿಯಿತ್ತು, ಅವರಿಗೆ ಅದಿರಲಿಲ್ಲ. ನಮ್ಮದು ತೋಟ, ಅವರದು ನಿಗಮದ ವಸತಿ. ದೇವರ ಕೃಪೆಯೆಂದು ನಾವು ಕರೆಯುವುದರಲ್ಲಿ ಈ ಅಂತರವೂ ಅಡಗಿದೆ.

ಇಂದು ಚಕ್ರ ಮತ್ತೊಮ್ಮೆ ತಿರುಗುತ್ತಿದೆ. 2011ರಲ್ಲಿ ಕಿಲೋಗೆ 200 ರೂಪಾಯಿ ದಾಟಿದ್ದ ರಬ್ಬರಿನ ದರ 2016ರ ಆರಂಭದಲ್ಲಿ 100ಕ್ಕಿಂತಲೂ ಕೆಳಗಿಳಿದಿತ್ತು. ಮಕ್ಕಳು ಬೆಂಗಳೂರಿಗೆ, ಕೊಲ್ಲಿಗೆ, ಯುರೋಪಿಗೆ ಹೋಗಿದ್ದಾರೆ. ಮುದುಕರಿಬ್ಬರು ದೊಡ್ಡ ಮನೆ ಕಾಯುತ್ತಾರೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಾರದೆಂಬ ನಿರ್ಬಂಧವನ್ನು 2020ರ ತಿದ್ದುಪಡಿ ತೆಗೆದುಹಾಕಿದೆ. ಶಾಂತವಾದ ಹಳ್ಳಿಯಲ್ಲಿ ಒಂದಿಷ್ಟು ಜಾಗವಿರಲಿ ಎನ್ನುವ ನಗರವಾಸಿಗಳಿಗೆ ಈಗ ದಾರಿ ಸುಗಮ. ನಿಮ್ಮ ಮನೆಯಲ್ಲಿಯೂ ಮಾರುವ ಅಥವಾ ಕೊಳ್ಳುವ ಮಾತು ನಡೆಯುತ್ತಿರಬಹುದು. ಹಾಗಿದ್ದರೆ ಚರಿತ್ರೆ ಕಲಿಸಿದ ಕೆಲವು ಮಾತುಗಳನ್ನು ಲಕ್ಷ್ಯಕ್ಕೆ ತಂದುಕೊಳ್ಳಿ.

ಮೊದಲನೆಯದು, ಕುಮ್ಕಿ. ಹಳೆಯ ವರ್ಗ ಜಾಗದ ಗಡಿಯಿಂದ 100 ಗಜದೊಳಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ, ಮೇವಿಗಾಗಿ ಕೃಷಿಕನಿಗಿರುವ ಸವಲತ್ತು ಅದು; ಒಡೆತನವಲ್ಲ. ವರ್ಗವಿಷ್ಟು, ಕುಮ್ಕಿಯಿಷ್ಟು ಎಂದು ಕೂಡಿಸಿ ಬೆಲೆ ಹೇಳುವವರ ಮಾತಿಗೆ ಮರುಳಾಗಿ ನಷ್ಟಪಟ್ಟವರುಂಟು. ಪಹಣಿ, ಋಣಭಾರ ಪ್ರಮಾಣಪತ್ರ, ಸರ್ವೆ ನಕ್ಷೆ ಮೂರನ್ನೂ ತಾಳೆ ನೋಡದೆ ಮುಂಗಡ ಕೊಡಬೇಡಿ.

ಎರಡನೆಯದು, ಆ ಭೂಮಿ ಮೂಲತಃ ಯಾರಿಗೆ ಮಂಜೂರಾದದ್ದೆಂದು ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಳ್ಳುವುದನ್ನು 1978ರ ಕಾಯಿದೆ ನಿಷೇಧಿಸುತ್ತದೆ. ಕಾನೂನಿನ ಭಯಕ್ಕಿಂತ ಮೇಲಿನ ಭಯವೊಂದು ನಮಗಿರಬೇಕು. ನಾಬೋತನ ದ್ರಾಕ್ಷಿತೋಟವು ಅಹಾಬನ ಕೈಸೇರಿದ್ದು ಕಾಗದಪತ್ರ, ಸಾಕ್ಷಿ, ತೀರ್ಪು ಎಲ್ಲವೂ ಹೊಂದಿಸಲ್ಪಟ್ಟ ಮೇಲೆಯೇ ಅಲ್ಲವೇ?

ಮೂರನೆಯದು, ನೆರೆಹೊರೆ. ತೋಡಿನ ನೀರು, ಕಾಲುದಾರಿ, ಜಾಗದ ನಡುವಣ ನಾಗಬನ, ದೈವದ ಕಟ್ಟೆ ಇವು ಕ್ರಯಪತ್ರದಲ್ಲಿ ಕಾಣಿಸದೆಯೂ ಊರಿನ ಪಾಲಿಗೆ ಜೀವಂತವಾಗಿರುತ್ತವೆ. ನಮ್ಮ ವಿಶ್ವಾಸ ಬೇರೆಯಾದರೂ ನೆರೆಯವನು ಪೂಜ್ಯವೆಂದು ಕಾಣುವ ಬನಕ್ಕೆ ಕೊಡಲಿ ಹಾಕದೆ, ಅವನು ಬರುವ ದಾರಿಗೆ ಬೇಲಿ ಬಿಗಿಯದೆ ಬಾಳಿದ ಹಿರಿಯರಿದ್ದಾರೆ. ಊರು ಅವರನ್ನು ತನ್ನವರೆಂದದ್ದು ಅದಕ್ಕಾಗಿಯೇ. ಮಾರುವವರೂ ಕೊಳ್ಳುವವರಿಗೆ ಈ ಸಂಗತಿಗಳನ್ನು ಹೇಳಿಯೇ ಮಾರಬೇಕು.

ನೆಲವು ತನ್ನದು, ನೀವು ಅದರಲ್ಲಿ ಬಿಡಾರ ಹೂಡಿದವರು ಎಂಬರ್ಥದ ಮಾತನ್ನು ಸರ್ವೇಶ್ವರನು ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಇಸ್ರಯೇಲರಿಗೆ ಹೇಳಿದ್ದಾನೆ. ಸ್ವಂತ ಬೆವರಿನಿಂದ ಗುಡ್ಡ ಕಡಿದವರಿಗೆ ಈ ಮಾತು ಕಹಿಯೆನಿಸೀತು. ಆದರೆ ವಲಸೆ ಬಂದವರ ಮಕ್ಕಳಾದ ನಮಗೆ ಅದರಲ್ಲಿ ಸಮಾಧಾನವೂ ಇದೆ: ಈ ಊರಿನಲ್ಲಿ ನಾವಷ್ಟೇ ಪರದೇಶಿಗಳಲ್ಲ, ದೇವರ ಮುಂದೆ ಎಲ್ಲರೂ ಹಾಗೆಯೇ.

ಬರುವ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ನಿಮ್ಮ ಧರ್ಮಕೇಂದ್ರದ ಸಮಾಧಿ ಭೂಮಿಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ಇಲ್ಲಿಗೆ ಬಂದು ಜಾಗ ಕೊಂಡ ಅಜ್ಜ, ಅಜ್ಜಿಯ ಗೋರಿಯನ್ನು ತೋರಿಸಿ. ಅವರು ಯಾವ ಊರಿನಿಂದ, ಯಾಕೆ ಬಂದರು, ಮೊದಲ ಮಳೆಗಾಲದಲ್ಲಿ ಯಾರ ಮನೆಯ ಜಗಲಿಯಲ್ಲಿ ಮಲಗಿದರು, ಯಾರು ಅವರಿಗೆ ಗಂಜಿ ಕೊಟ್ಟರು ಎಂಬುದನ್ನು ಹೇಳಿ. ಆ ಗಂಜಿ ಕೊಟ್ಟವರ ಮೊಮ್ಮಕ್ಕಳು ಇನ್ನೂ ಆಸುಪಾಸಿನಲ್ಲಿದ್ದರೆ, ಹಿಂದಿರುಗುವಾಗ ಅವರ ಮನೆಗೂ ಹೋಗಿ ಬನ್ನಿ.