ಇತ್ಸುಕುಶಿಮ ದೇವಾಲಯ

ಇತ್ಸುಕುಶಿಮ ದೇವಾಲಯವು ಜಪಾನಿನ ಹಿರೋಶಿಮಾ ಪ್ರಾಂತ್ಯದ ಇತ್ಸುಕುಶಿಮ ದ್ವೀಪದಲ್ಲಿರುವ ಪ್ರಾಚೀನ ಶಿಂಟೋ ದೇವಾಲಯವಾಗಿದೆ. ಈ ದ್ವೀಪವು ಮಿಯಾಜಿಮ ಎಂಬ ಹೆಸರಿನಿಂದಲೂ ಪ್ರಸಿದ್ಧವಾಗಿದೆ. ಸಮುದ್ರದ ಉಬ್ಬರದ ವೇಳೆಯಲ್ಲಿ ದೇವಾಲಯವು ನೀರಿನ ಮೇಲೆ ತೇಲುತ್ತಿರುವಂತೆ ಕಾಣುತ್ತದೆ. 1996ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಇತಿಹಾಸ

ದೇವಾಲಯವು ಕ್ರಿ.ಶ. 593ರಲ್ಲಿ ಸ್ಥಾಪನೆಯಾಯಿತೆಂಬುದು ಪ್ರತೀತಿ. 12ನೆಯ ಶತಮಾನದಲ್ಲಿ ತೈರಾ ನೊ ಕಿಯೊಮೊರಿ ಎಂಬ ಪ್ರಬಲ ಸೇನಾನಾಯಕನು ಇದನ್ನು ವಿಸ್ತರಿಸಿ, ಇಂದಿನ ವಿನ್ಯಾಸಕ್ಕೆ ತಳಹದಿ ಹಾಕಿದನು. ಬೆಂಕಿಗೆ ಆಹುತಿಯಾದ ಕಟ್ಟಡಗಳನ್ನು 13ನೆಯ ಶತಮಾನದಲ್ಲಿ ಹಳೆಯ ವಿನ್ಯಾಸದಲ್ಲಿಯೇ ಪುನಃ ಕಟ್ಟಲಾಯಿತು. 1571ರಲ್ಲಿ ಮೋರಿ ಮೊತೊನಾರಿಯು ಗರ್ಭಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದನು.

ಆರಾಧನೆ

ಇಲ್ಲಿ ಸಮುದ್ರಯಾನಿಗಳನ್ನು ರಕ್ಷಿಸುವ ಮೂವರು ದೇವಿಯರನ್ನು ಪೂಜಿಸಲಾಗುತ್ತದೆ. ಅವರಲ್ಲಿ ಇಚಿಕಿಶಿಮಾಹಿಮೆಯನ್ನು ಬೆಂಜೈತೆನ್ ದೇವತೆಯೊಂದಿಗೆ ಅಭಿನ್ನಳೆಂದು ಭಾವಿಸಲಾಗುತ್ತಿತ್ತು. ಬೌದ್ಧಧರ್ಮದ ಮೂಲಕ ಜಪಾನನ್ನು ತಲುಪಿದ ಭಾರತದ ಸರಸ್ವತಿಯೇ ಬೆಂಜೈತೆನ್. ಮೇಜಿ ಆಡಳಿತವು 1868ರಲ್ಲಿ ಶಿಂಟೋ ಮತ್ತು ಬೌದ್ಧ ಆರಾಧನೆಗಳನ್ನು ಬೇರ್ಪಡಿಸಿತು. ಬಳಿಕ ಬೆಂಜೈತೆನ್ ವಿಗ್ರಹವನ್ನು ಸಮೀಪದ ದೈಗಾಂಜಿ ಬೌದ್ಧ ಮಂದಿರದಲ್ಲಿ ಇರಿಸಲಾಯಿತು.

ಇಡೀ ದ್ವೀಪವನ್ನೇ ಪವಿತ್ರವೆಂದು ನಂಬಲಾಗಿದ್ದರಿಂದ ಅಲ್ಲಿ ಹೆರಿಗೆ ಮತ್ತು ಶವಸಂಸ್ಕಾರಗಳು ನಿಷಿದ್ಧವಾಗಿದ್ದವು. ದೇವಾಲಯವನ್ನು ದಡದಲ್ಲಿ ಕಟ್ಟದೆ ನೀರಿನಲ್ಲಿ ಕಟ್ಟಲು ಈ ನಂಬಿಕೆಯೇ ಕಾರಣವೆಂದು ಹೇಳಲಾಗುತ್ತದೆ.

ವಾಸ್ತುರಚನೆ

ಸಮುದ್ರವನ್ನು ತಡೆಯುವುದಕ್ಕಿಂತ ಅದಕ್ಕೆ ಎಡೆಗೊಡುವುದು ಇಲ್ಲಿನ ನಿರ್ಮಾಣತಂತ್ರ. ಮೊಗಸಾಲೆಗಳ ನೆಲಹಲಗೆಗಳ ನಡುವೆ ಸಣ್ಣ ಸಂದುಗಳನ್ನು ಬಿಡಲಾಗಿದೆ. ನೀರು ಉಕ್ಕಿದಾಗ ಈ ಸಂದುಗಳ ಮೂಲಕ ಮೇಲೆ ಬಂದು ಇಳಿದುಹೋಗುವುದರಿಂದ ನೆಲದ ಮೇಲಿನ ಒತ್ತಡವು ಕಡಿಮೆಯಾಗುತ್ತದೆ. ಆದರೂ 1991 ಮತ್ತು 2004ರ ಚಂಡಮಾರುತಗಳಲ್ಲಿ ದೇವಾಲಯಕ್ಕೆ ತೀವ್ರ ಹಾನಿಯಾಯಿತು.

ಸಮುದ್ರದಲ್ಲಿ ನಿಂತಿರುವ ಮಹಾದ್ವಾರಕ್ಕೆ 'ತೋರಿ' ಎಂದು ಹೆಸರು. ಸುಮಾರು 16 ಮೀಟರ್ ಎತ್ತರದ ಈಗಿನ ತೋರಿಯನ್ನು 1875ರಲ್ಲಿ ನಿರ್ಮಿಸಲಾಯಿತು. ಇದರ ಮುಖ್ಯ ಕಂಬಗಳು ಕರ್ಪೂರದ ಮರದವು. ಅವುಗಳನ್ನು ಆಳವಾಗಿ ಹೂಳಿಲ್ಲ. ತೋರಿಯು ತನ್ನ ಭಾರದಿಂದಲೇ ನಿಂತಿದೆ. ಭಾರ ಹೆಚ್ಚಲೆಂದು ಮೇಲಿನ ಟೊಳ್ಳು ತೊಲೆಯೊಳಗೆ ಕಲ್ಲುಗಳನ್ನು ತುಂಬಲಾಗಿದೆ. 2019ರಿಂದ 2022ರವರೆಗೆ ಇದರ ದುರಸ್ತಿ ಕಾರ್ಯ ನಡೆಯಿತು.

ಸಂದರ್ಶನ

ಮಿಯಾಜಿಮಗುಚಿ ಬಂದರಿನಿಂದ ದೋಣಿಯಲ್ಲಿ ಸುಮಾರು 10 ನಿಮಿಷಗಳಲ್ಲಿ ದ್ವೀಪವನ್ನು ತಲುಪಬಹುದು. 2023ರ ಅಕ್ಟೋಬರ್‌ನಿಂದ ಪ್ರವಾಸಿಗರಿಗೆ 100 ಯೆನ್ ಸಂದರ್ಶನ ತೆರಿಗೆಯನ್ನು ವಿಧಿಸಲಾಗಿದೆ. ಇಳಿತದ ಸಮಯದಲ್ಲಿ ತೋರಿಯವರೆಗೆ ನಡೆದು ಹೋಗಬಹುದು. ಉಬ್ಬರದಲ್ಲಿ ಅದು ನೀರಿನಿಂದ ಆವೃತವಾಗಿರುತ್ತದೆ. ಈ ವೇಳೆಗಳು ದಿನದಿಂದ ದಿನಕ್ಕೆ ಬದಲಾಗುವುದರಿಂದ ಮುಂಚಿತವಾಗಿ ತಿಳಿದುಕೊಳ್ಳುವುದು ಅವಶ್ಯಕ. ಶಿಂಟೋ ಪದ್ಧತಿಯಂತೆ ಭಕ್ತರು ಕೈಬಾಯಿಗಳನ್ನು ಶುದ್ಧಿಮಾಡಿಕೊಂಡು, ಕಾಣಿಕೆ ಅರ್ಪಿಸಿ, ಎರಡು ಬಾರಿ ತಲೆಬಾಗಿ, ಎರಡು ಬಾರಿ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ತಲೆಬಾಗುತ್ತಾರೆ.